ಗಣಕದ ಕಾಲ-ಹೊಂದಾಣಿಕೆಯ ದಾಖಲೆಗಳಲ್ಲಿ ಏಕಮಾನಗಳು

ಜಾಲಕ್ಕೆ ಸೇರಿದ ಗಣಕಗಳು ತಮ್ಮ ಗಡಿಯಾರಗಳನ್ನು ಪರಸ್ಪರ ಹೊಂದಿಸಿಕೊಳ್ಳಲು ಬಳಸುವ ಎನ್‌ಟಿಪಿ ವಿಧಾನದ ಮೊದಲ ವಿವರಣೆಯನ್ನು ಅಮೆರಿಕದ ಡೇವಿಡ್ ಮಿಲ್ಸ್ ಅವರು 1985ರಲ್ಲಿ ಪ್ರಕಟಿಸಿದರು. ಈ ವಿಧಾನವನ್ನು ನಡೆಸುವ ಎನ್‌ಟಿಪಿಡಿ ತಂತ್ರಾಂಶವು ಬರೆದಿಡುವ ಕಡತಗಳಲ್ಲಿ ಅಂಕಿಗಳಿರುತ್ತವೆಯೇ ಹೊರತು ಅವುಗಳ ಏಕಮಾನಗಳಿರುವುದಿಲ್ಲ. ಇದು ಸಣ್ಣ ವಿಷಯವಲ್ಲ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ಹೊಂದಿಸಬೇಕೆಂದೂ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದೂ ವಿಧಿಸಿತು. ಎರಡು ಗಣಕಗಳಲ್ಲಿ ನಡೆದ ಘಟನೆಗಳ ಪೈಕಿ ಯಾವುದು ಮೊದಲಿನದು ಎಂಬ ತೀರ್ಮಾನಕ್ಕೆ ಇಂತಹ ದಾಖಲೆಗಳೇ ಆಧಾರ.

ಲೂಪ್‌ಸ್ಟಾಟ್ಸ್ ಕಡತದ ಒಂದು ಮಾದರಿ ಸಾಲನ್ನು ಕಲ್ಪಿಸಿಕೊಳ್ಳೋಣ:

60676 45000.000 0.000412 -17.350 0.000088 0.004 6

ಮೊದಲನೆಯದು ದಿನಸಂಖ್ಯೆ. 1858ರ ನವೆಂಬರ್ 17ರಿಂದ ಎಣಿಸುವ ಪರಿಷ್ಕೃತ ಜೂಲಿಯನ್ ಗಣನೆಯ ಪ್ರಕಾರ ಇದು 2025ರ ಜನವರಿ 1. ಎರಡನೆಯದು ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳು. ಆ ಮಧ್ಯರಾತ್ರಿ ನಮ್ಮದಲ್ಲ, ಸಾರ್ವತ್ರಿಕ ಕಾಲದ್ದು. ಆದ್ದರಿಂದ 45000 ಎಂದರೆ ಭಾರತದಲ್ಲಿ ಸಂಜೆ 6 ಗಂಟೆ. ನಮ್ಮಲ್ಲಿ ನಸುಕಿನ 3 ಗಂಟೆಗೆ ನಡೆದುದು ಹಿಂದಿನ ದಿನಸಂಖ್ಯೆಯಡಿ ದಾಖಲಾಗಿರುತ್ತದೆ. ದಿನಾಂಕವನ್ನೇ ನಂಬಿ ಹುಡುಕುವವರು ಮೊದಲು ಎಡವುವುದು ಇಲ್ಲಿಯೇ.

ಮೂರನೆಯದಾದ ಕಾಲವ್ಯತ್ಯಾಸವೂ ಐದನೆಯದಾದ ಏರಿಳಿತವೂ ಸೆಕೆಂಡುಗಳಲ್ಲಿವೆ. ನಾಲ್ಕನೆಯದು ಮಾತ್ರ ಕಾಲವೇ ಅಲ್ಲ, ಒಂದು ಅನುಪಾತ: ಗಡಿಯಾರದ ವೇಗಕ್ಕೆ ಮಾಡಿದ ತಿದ್ದುಪಡಿ, ದಶಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ದಶಲಕ್ಷಕ್ಕೆ ಒಂದು ಭಾಗವೆಂದರೆ ದಿನಕ್ಕೆ 0.0864 ಸೆಕೆಂಡು. ಹೀಗಾಗಿ -17.350 ಎಂಬುದು ಸುಮಾರು ಒಂದೂವರೆ ಸೆಕೆಂಡಾಗುತ್ತದೆ. ಋಣಚಿಹ್ನೆಯನ್ನು ಕಂಡು ಗಡಿಯಾರ ಹಿಂದುಳಿಯುತ್ತಿದೆ ಎನ್ನಲಾಗದು; ಅದು ತಾನಾಗಿ ಮುಂದೋಡುವ ಗಡಿಯಾರ, ತಂತ್ರಾಂಶ ಅದನ್ನು ನಿಧಾನಗೊಳಿಸುತ್ತಿದೆ. ಇದೇ ಕೆಲಸದ ಕ್ರೋನಿ ತಂತ್ರಾಂಶವು ತನ್ನ ವರದಿಯಲ್ಲಿ ಚಿಹ್ನೆಯ ಬದಲು ವೇಗ, ನಿಧಾನ ಎಂಬ ಪದಗಳನ್ನೇ ಬಳಸುತ್ತದೆ. ಅದೇ ಮೇಲು.

ಆರನೆಯ ಅಂಕಿ ವೇಗದ ಅಲೆದಾಟವನ್ನು ನಾಲ್ಕನೆಯದರ ಏಕಮಾನದಲ್ಲಿಯೇ ಹೇಳುತ್ತದೆ. ಕೊನೆಯ 6 ಒಂದು ಘಾತ: ಎರಡರ ಆರನೆಯ ಘಾತ, ಅಂದರೆ 64 ಸೆಕೆಂಡು.

ಗೊಂದಲ ಹೆಚ್ಚುವುದು ಎನ್‌ಟಿಪಿಕ್ಯು ಆಜ್ಞೆಯ ಪರದೆಯನ್ನು ಕಡತದೊಡನೆ ಹೋಲಿಸುವಾಗ. ಪರದೆಯಲ್ಲಿ ವಿಳಂಬ, ವ್ಯತ್ಯಾಸ, ಏರಿಳಿತಗಳು ಮಿಲಿಸೆಕೆಂಡುಗಳಲ್ಲಿರುತ್ತವೆ. ವಿಚಾರಣೆಯ ಅಂತರ 6 ಎಂದಲ್ಲ, 64 ಎಂದೇ ಕಾಣುತ್ತದೆ. ಸಂಪರ್ಕದ ಅಂಕಣದ 377 ಯಾವುದರ ಎಣಿಕೆಯೂ ಅಲ್ಲ. ಕಳೆದ ಎಂಟು ವಿಚಾರಣೆಗಳಿಗೂ ಉತ್ತರ ಬಂದಿದೆ ಎಂಬುದನ್ನು ಅಷ್ಟಮಾನ ಪದ್ಧತಿಯಲ್ಲಿ ಬರೆದ ರೂಪ.

ವ್ಯತ್ಯಾಸದ ಅಂಕಣದಲ್ಲಿ ಪರದೆಯ 0.412 ಅರ್ಧ ಮಿಲಿಸೆಕೆಂಡಿಗೂ ಕಡಿಮೆ, ನಿಶ್ಚಿಂತೆಯ ಸ್ಥಿತಿ. ಕಡತದ 0.412 ಹಾಗಲ್ಲ. ಎನ್‌ಟಿಪಿಡಿ ಸಾಮಾನ್ಯವಾಗಿ 0.128 ಸೆಕೆಂಡಿನೊಳಗಿನ ವ್ಯತ್ಯಾಸವನ್ನು ಮೆಲ್ಲನೆ ಸರಿಪಡಿಸುತ್ತದೆ. ಅದನ್ನು ಮೀರಿದ ವ್ಯತ್ಯಾಸ ಕೆಲಕಾಲ ಉಳಿದರೆ ಗಡಿಯಾರವನ್ನು ಒಮ್ಮೆಗೇ ಸರಿಸುತ್ತದೆ. ಹಿಂದಕ್ಕೆ ಸರಿಸಿದಲ್ಲಿ, ಆ ಗಣಕದ ಇತರ ದಾಖಲೆಗಳಲ್ಲಿ ಒಂದೇ ಹೊತ್ತು ಎರಡು ಬಾರಿ ಬಂದಿರಬಹುದು.