ಖಾಲಿ ಕಾಣುವ ಲೇನು, ತುಂಬಿದ ಸ್ಕೂಟರು

ಆಷಾಢ ಏಕಾದಶಿಗೆ ಸುಮಾರು ಎರಡು ವಾರ ಮೊದಲು, ವರ್ಷಕ್ಕೊಂದು ದಿನ, ಪುಣೆ ಪಕ್ಕದ ದಿವೇ ಘಾಟಿನಲ್ಲಿ ವಾಹನ ಸಂಚಾರ ಬಂದ್. ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಕಿ ಪುಣೆಯಲ್ಲಿ ತಂಗಿ, ಹಡಪಸರ ದಾಟಿ, ಈ ಘಾಟು ಹತ್ತಿ ಸಾಸವಡ ಸೇರುವ ದಿನ ಅದು. ಅಂದು ಲಕ್ಷಗಟ್ಟಲೆ ಜನ ಈ ರಸ್ತೆಯಲ್ಲಿ ನಡೆದು ದಾಟುತ್ತಾರೆ. ಉಳಿದ ದಿನಗಳಲ್ಲಿ ಅದೇ ರಸ್ತೆ, ಬೆಳಗಿನ ಎರಡು ತಾಸಿನಲ್ಲಿ, ಅದರ ಸಣ್ಣದೊಂದು ಪಾಲು ಜನರನ್ನು ಸಾಗಿಸಲು ತಿಣುಕುತ್ತದೆ.

ಇದು ಬರೀ ಭಕ್ತಿಯ ಮಹಿಮೆಯಲ್ಲ, ಗಣಿತವೂ ಹೌದು. ನಗರದ ಬೀದಿಯಲ್ಲಿ ಮೂರು ಮೀಟರ್ ಅಗಲದ ಒಂದು ಪಟ್ಟಿಯನ್ನು ಕಾರುಗಳಿಗೆ ಬಿಟ್ಟರೆ ತಾಸಿಗೆ 600ರಿಂದ 1,600 ಜನ ದಾಟಬಹುದು, ಪಾದಚಾರಿಗಳಿಗೆ ಬಿಟ್ಟರೆ 8,000ದಿಂದ 9,000 ಎಂದು ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘಟನೆ ನ್ಯಾಕ್ಟೋ ಲೆಕ್ಕ ಹಾಕಿದೆ. ಸಾಸವಡದಿಂದ ಹಡಪಸರದ ಆಫೀಸಿಗೆ ಯಾರೂ ದಿನಾ ನಡೆದು ಹೋಗಲಾರರು, ಆ ಮಾತು ಬೇರೆ. ಆದರೆ ರಸ್ತೆ ಎಷ್ಟು ವಾಹನ ಸಾಗಿಸಿತು ಎಂದು ಎಣಿಸಬೇಕೋ, ಎಷ್ಟು ಜನರನ್ನು ಸಾಗಿಸಿತು ಎಂದು ಎಣಿಸಬೇಕೋ? ಕಾರ್‌ಪೂಲ್ ಲೇನ್ ಎಂಬ ಕಲ್ಪನೆ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಒಬ್ಬರೇ ಕೂತ ಕಾರು ಆ ಲೇನಿಗೆ ಬರುವಂತಿಲ್ಲ. ಇಬ್ಬರೋ ಮೂವರೋ ಇದ್ದರೆ ಮಾತ್ರ ಪ್ರವೇಶ.

ಅಂಥ ಲೇನು ಸಾಸವಡದ ಹಾದಿಗೆ ಒಗ್ಗೀತೇ? ಸಾಸವಡ ಪುರಂದರ ತಾಲ್ಲೂಕಿನ ಕೇಂದ್ರ, ಪುಣೆಯಿಂದ ಸುಮಾರು 30 ಕಿ.ಮೀ. ದೂರ. ಅಂಜೂರ, ಸೀತಾಫಲಕ್ಕೆ ಹೆಸರಾದ ಸೀಮೆ. ಈಗ ಹಡಪಸರ, ಮಗರಪಟ್ಟಾ, ಫುರಸುಂಗಿಯ ಐಟಿ ಕಚೇರಿಗಳಿಗೆ ಹೋಗುವವರೂ ಇಲ್ಲಿಂದ ಓಡಾಡುತ್ತಾರೆ. ಝೆಂಡೇವಾಡಿಯ ಬಳಿ ಘಾಟು ಇಳಿಯಲು ಶುರು, ಕೆಳಗೆ ಮಸ್ತಾನಿ ತಲಾವ್, ವಡಕಿ, ಉರುಳಿ ದೇವಾಚಿ, ಮಂತರವಾಡಿ ಚೌಕ, ಭೇಕರಾಯಿನಗರ, ಕೊನೆಗೆ ಹಡಪಸರದ ಗಾಡಿತಳ. ಟಾಮ್‌ಟಾಮ್ ಕಂಪನಿಯ 2024ರ ಸೂಚ್ಯಂಕದಲ್ಲಿ ಹತ್ತು ಕಿ.ಮೀ. ದಾಟಲು ಸರಾಸರಿ 33 ನಿಮಿಷ ತೆಗೆದುಕೊಂಡ ಪುಣೆ ಜಗತ್ತಿನಲ್ಲಿ ನಾಲ್ಕನೆಯದು. ಬೆಂಗಳೂರು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಯಾರಿಗೂ ಹೆಮ್ಮೆಯಿಲ್ಲದ ಸ್ಪರ್ಧೆ.

ದಟ್ಟಣೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಮುಂದಿನ ವಾಹನಕ್ಕೂ ನಮಗೂ ಎರಡು ಸೆಕೆಂಡಿನ ಅಂತರ ಇಟ್ಟುಕೊಂಡರೆ, ಸಿಗ್ನಲ್ ಇಲ್ಲದ ಒಂದು ಲೇನಿನಲ್ಲಿ ತಾಸಿಗೆ 1,800 ವಾಹನ ಹೋಗಬಹುದು. ಅಂತರ ಸ್ವಲ್ಪ ತಗ್ಗಿಸಿದರೆ 2,000 ದಾಟಬಹುದು. ಅಲ್ಲಿಗೆ ಮಿತಿ. ಆ ಮಿತಿಯ ಹತ್ತಿರ ಬಂದಾಗ ಯಾರೋ ಒಬ್ಬರು ಸುಮ್ಮನೆ ಬ್ರೇಕ್ ಮುಟ್ಟಿದರೂ ಸಾಕು. ಜಪಾನಿನ ನಗೋಯಾದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಅಪಘಾತವಿಲ್ಲ, ಸಿಗ್ನಲ್ ಇಲ್ಲ, ಗುಂಡಿ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ಪೂರ್ತಿ ನಿಂತವು. ಆ ನಿಲುಗಡೆ ಅಲೆಯ ಹಾಗೆ ಹಿಂದಕ್ಕೆ ಹರಿಯುತ್ತಾ ಹೋಯಿತು. 2008ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ದಟ್ಟಣೆ ಅಧ್ಯಯನದ ಅಚ್ಚುಮೆಚ್ಚಿನ ಉದಾಹರಣೆ.

ಇನ್ನೂ ಕೆಟ್ಟ ಸಂಗತಿಯೊಂದಿದೆ. ಸಾಲು ಒಮ್ಮೆ ನಿಂತ ಮೇಲೆ ರಸ್ತೆ ತನ್ನ ಪೂರ್ಣ ಸಾಮರ್ಥ್ಯಕ್ಕೆ ಬೇಗ ಮರಳುವುದಿಲ್ಲ. ನಿಂತ ಗಾಡಿ ಹೊರಡುವುದು ನಿಧಾನ, ಹಾಗಾಗಿ ನಿಲ್ಲುವ ಮೊದಲು ಸಾಗುತ್ತಿದ್ದಷ್ಟು ವಾಹನಗಳೂ ಈಗ ಸಾಗುವುದಿಲ್ಲ. ಆಲಿಕೆಯಲ್ಲಿ ಜೋಳ ನಿಧಾನಕ್ಕೆ ಸುರಿದರೆ ಇಳಿಯುತ್ತದೆ, ಒಮ್ಮೆಲೇ ಸುರಿದರೆ ಕಟ್ಟಿಕೊಳ್ಳುತ್ತದೆ. ಅಂದರೆ ದಟ್ಟಣೆ ತಗ್ಗಬೇಕಾದರೆ ಎಲ್ಲ ವಾಹನಗಳೂ ಮಾಯವಾಗಬೇಕಿಲ್ಲ. ಮಿತಿ ಮೀರುವ ಹೊತ್ತಿನಲ್ಲಿ ಕೆಲವು ಬಾರದಿದ್ದರೆ ಸಾಕು. ಕಾರ್‌ಪೂಲಿನ ಮೇಲಿನ ಆಸೆಗೆ ಇದೇ ಆಧಾರ.

ಆಸೆ ಎಷ್ಟು ಫಲಿಸಿತು? ಅಮೆರಿಕದ ವರ್ಜೀನಿಯಾದ ಶರ್ಲಿ ಹೈವೇಯಲ್ಲಿ 1969ರಲ್ಲಿ ಬಸ್ಸಿಗೆಂದೇ ಲೇನ್ ಮಾಡಿದರು. 1973ರ ಕೊನೆಗೆ, ತೈಲ ಬಿಕ್ಕಟ್ಟಿನ ಕಾಲದಲ್ಲಿ, ಜನ ತುಂಬಿದ ಕಾರುಗಳನ್ನೂ ಬಿಟ್ಟರು. ಅದು ಗೆದ್ದಿತು. ಎಷ್ಟರ ಮಟ್ಟಿಗೆ ಎಂದರೆ, ಗುರುತು ಪರಿಚಯವಿಲ್ಲದವರನ್ನು ಬಸ್ ಸ್ಟಾಪಿನಲ್ಲಿ ಹತ್ತಿಸಿಕೊಂಡು ನಿಯಮದ ತಲೆಲೆಕ್ಕ ತುಂಬಿಸಿಕೊಳ್ಳುವ ರೂಢಿಯೇ ಬೆಳೆಯಿತು. ಅದಕ್ಕೆ ಅಲ್ಲಿ ಸ್ಲಗ್ಗಿಂಗ್ ಎನ್ನುತ್ತಾರೆ. ಕಾಸಿಲ್ಲ, ಆ್ಯಪ್ ಇಲ್ಲ. ಕಾರಿನವನಿಗೆ ಲೇನ್ ಸಿಗುತ್ತದೆ, ಹತ್ತಿದವನಿಗೆ ಪುಕ್ಕಟೆ ಸವಾರಿ. ಇದು ನಡೆಯಲು ಕಾರಣ, ಎಲ್ಲರೂ ಒಂದೇ ದಾರಿಯಲ್ಲಿ ಪೆಂಟಗನ್ ಮತ್ತು ವಾಷಿಂಗ್ಟನ್ ನಡುನಗರಕ್ಕೆ ಹೋಗುವವರು. ಮೇಲಾಗಿ ಲೇನ್ ಉಳಿಸುತ್ತಿದ್ದ ಸಮಯ ಕೈಗೆ ತಟ್ಟುವಷ್ಟಿತ್ತು.

ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಫ್ರೀವೇಯಲ್ಲಿ ಕಥೆ ಬೇರೆಯಾಯಿತು. 1976ರ ಮಾರ್ಚ್ 15ರಂದು ಅಲ್ಲಿ ಹೊಸ ಲೇನ್ ಕಟ್ಟದೆ, ಇದ್ದ ಲೇನನ್ನೇ ಮೂರು ಜನರಿಗಿಂತ ಕಡಿಮೆ ಇದ್ದ ಕಾರುಗಳಿಂದ ಕಿತ್ತುಕೊಂಡರು. ಪಕ್ಕದ ಲೇನುಗಳಲ್ಲಿ ಸಾಲು ಬೆಳೆಯಿತು, ಅಪಘಾತಗಳು ಹೆಚ್ಚಿದವು, ಪತ್ರಿಕೆಗಳು ಕೆಂಡ ಕಾರಿದವು. 21 ವಾರಕ್ಕೆ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆಮೇಲೆ ಅಮೆರಿಕದಲ್ಲಿ ಇದ್ದ ಲೇನನ್ನು ಮುಟ್ಟುವ ಧೈರ್ಯ ಹೆಚ್ಚು ಜನ ಮಾಡಲಿಲ್ಲ. ಹೊಸದಾಗಿ ಕಟ್ಟಿದ ಲೇನಿಗೆ ಮಾತ್ರ ಕಾರ್‌ಪೂಲ್ ಫಲಕ ಹಾಕಿದರು.

ಆ ಸಿಟ್ಟಿಗೆ ಕಣ್ಣಿನ ಮೋಸವೂ ಒಂದು ಕಾರಣ. ಸಾಮಾನ್ಯ ಲೇನಿನಲ್ಲಿ 1,800 ಕಾರು, ಕಾರಿಗೆ ಸರಾಸರಿ 1.3 ಜನ ಎಂದುಕೊಳ್ಳಿ: ತಾಸಿಗೆ 2,340 ಜನ. ಮೂವರಿರುವ ಕಾರುಗಳಾದರೆ ಅಷ್ಟೇ ಜನರನ್ನು 780 ಕಾರು ಸಾಗಿಸುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅವುಗಳ ನಡುವೆ ಸುಮಾರು 77 ಮೀಟರ್ ಬಯಲು. ಐವತ್ತು ಜನರ ಬಸ್ಸಾದರೆ 47 ಸಾಕು. ಒಂದಕ್ಕೊಂದು 77 ಸೆಕೆಂಡ್ ಅಂತರ, ಅಂದರೆ ಕಿಲೋಮೀಟರಿಗೂ ಮಿಕ್ಕಿ ಖಾಲಿ ರಸ್ತೆ. ಮೂರೂ ಲೇನುಗಳ ಕೆಲಸ ಸಮ. ಆದರೆ ಪಕ್ಕದ ಸಾಲಿನಲ್ಲಿ ಸಿಕ್ಕಿಕೊಂಡವನ ಕಣ್ಣಿಗೆ ಕಾಣುವುದು ಖಾಲಿ ಡಾಂಬರು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಪಥದ ಬಗ್ಗೆ ಕೇಳಿಬರುವ ಗೊಣಗಾಟವೂ ಇದೇ: ನಾವು ಇಲ್ಲಿ ಇಕ್ಕಟ್ಟಿನಲ್ಲಿ, ನಡುವಿನ ರಸ್ತೆ ಮಾತ್ರ ಆರಾಮಾಗಿ ಖಾಲಿ. ಚೆನ್ನಾಗಿ ದುಡಿಯುವ ಲೇನು ಖಾಲಿ ಕಾಣಲೇಬೇಕು.

ಹಾಗೆಂದು ಖಾಲಿ ಕಂಡ ಲೇನೆಲ್ಲ ಚೆನ್ನಾಗಿ ದುಡಿಯುತ್ತಿದೆ ಎಂದಲ್ಲ. ಬರ್ಕ್ಲಿಯ ಪ್ರವೀಣ್ ವರಯ್ಯ ಮತ್ತು ಜೈಮ್ಯೂಂಗ್ ಕ್ವಾನ್ ಕ್ಯಾಲಿಫೋರ್ನಿಯಾದ ರಸ್ತೆಯೊಳಗಿನ ಸಂವೇದಕಗಳ ಮಾಹಿತಿ ಜಾಲಾಡಿ 2008ರಲ್ಲಿ ಬರೆದದ್ದು: ಅಲ್ಲಿನ ಕಾರ್‌ಪೂಲ್ ಲೇನುಗಳು ಬಹುಪಾಲು ತಮ್ಮ ಸಾಮರ್ಥ್ಯಕ್ಕಿಂತ ಕೆಳಗೇ ಓಡುತ್ತಿವೆ, ಜೊತೆಗೆ ಒಂಟಿ ಲೇನಾದ್ದರಿಂದ ನಿಧಾನದ ಒಂದು ಕಾರು ಹಿಂದಿನ ಎಲ್ಲರನ್ನೂ ಕಟ್ಟಿಹಾಕುತ್ತದೆ. ಸಾಮಾನ್ಯ ಲೇನು ತಾಸಿಗೆ 2,000 ವಾಹನ ಸಾಗಿಸುವಾಗ ಇದರ ಮಿತಿ ಸುಮಾರು 1,600. ಇದಕ್ಕೆ ಇನ್ನೊಂದು ಕಹಿ ಸತ್ಯ ಸೇರಿಸಿ. ಕೆಲಸಕ್ಕೆ ಕಾರು ಹಂಚಿಕೊಂಡು ಹೋಗುವವರು 1980ರಲ್ಲಿ ಅಮೆರಿಕದ ದುಡಿಯುವವರಲ್ಲಿ ಶೇ 19.7 ಇದ್ದರು, 2010ರ ಹೊತ್ತಿಗೆ ಶೇ 10ಕ್ಕಿಂತ ಕೆಳಗಿಳಿದರು. ಲೇನುಗಳು ಬೆಳೆದ ಕಾಲದಲ್ಲೇ ಸವಾರರು ಕರಗಿದರು. ಉಳಿದವರಲ್ಲೂ ಎಷ್ಟೋ ಮಂದಿ ಗಂಡ ಹೆಂಡತಿ, ಅಪ್ಪ ಮಗಳು. ಲೇನ್ ಇರಲಿ ಬಿಡಲಿ, ಒಟ್ಟಿಗೇ ಹೋಗುತ್ತಿದ್ದವರು.

ಇಲ್ಲಿಗೆ ಕಾರ್‌ಪೂಲ್ ಲೇನಿನ ಕಡತ ಮುಚ್ಚಬಹುದಿತ್ತು, ಜಕಾರ್ತಾ ಇಲ್ಲದಿದ್ದರೆ. ಇಂಡೊನೇಷ್ಯಾದ ಆ ರಾಜಧಾನಿಯ ಮುಖ್ಯ ರಸ್ತೆಗಳಲ್ಲಿ, ದಟ್ಟಣೆಯ ಹೊತ್ತಿನಲ್ಲಿ ಕಾರಿನಲ್ಲಿ ಮೂವರಿರಲೇಬೇಕು ಎಂಬ ನಿಯಮ ಎರಡು ದಶಕಕ್ಕೂ ಹೆಚ್ಚು ಕಾಲ ಇತ್ತು. ಒಂದು ಲೇನಿಗಲ್ಲ, ಇಡೀ ರಸ್ತೆಗೆ. ಜನ ಅದಕ್ಕೊಂದು ಉಪಾಯ ಕಂಡುಕೊಂಡರು: ಬಾಡಿಗೆ ಪ್ರಯಾಣಿಕರು. ರಸ್ತೆ ಬದಿ ನಿಂತ 'ಜಾಕಿ'ಗಳು ಕೆಲವು ಕಾಸಿಗೆ ಕಾರು ಹತ್ತಿ ಲೆಕ್ಕ ತುಂಬುತ್ತಿದ್ದರು. ಕಂಕುಳಲ್ಲಿ ಕೂಸಿದ್ದ ಹೆಂಗಸು ಒಬ್ಬಳೇ ಇಬ್ಬರ ಲೆಕ್ಕಕ್ಕೆ ಆಗುತ್ತಿದ್ದಳು. ನಿಯಮ ನಗೆಪಾಟಲಾಗಿದೆ ಎಂದು 2016ರ ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟರು. ರೆಮಾ ಹನ್ನಾ, ಗೇಬ್ರಿಯಲ್ ಕ್ರೈಂಡ್ಲರ್, ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ಗೂಗಲ್ ಮ್ಯಾಪ್ಸ್‌ನ ಮಾಹಿತಿ ಹಿಡಿದು ಕಾದಿದ್ದರು. ಬೆಳಗಿನ ವಿಳಂಬ ಕಿಲೋಮೀಟರಿಗೆ 2.1 ನಿಮಿಷದಿಂದ 3.1ಕ್ಕೆ, ಸಂಜೆಯದು 2.8ರಿಂದ 5.3ಕ್ಕೆ ಏರಿತು. ನಿಯಮವೇ ಇಲ್ಲದಿದ್ದ ಬೇರೆ ರಸ್ತೆಗಳೂ, ನಿಯಮ ಇಲ್ಲದಿದ್ದ ಹೊತ್ತೂ ಹದಗೆಟ್ಟವು. ಇಷ್ಟೊಂದು ಮೋಸ ನಡೆಯುತ್ತಿದ್ದ ನಿಯಮವೂ ಕೆಲಸ ಮಾಡುತ್ತಿತ್ತು! ನನ್ನ ಓದಿನಂತೆ ಇದರ ಗುಟ್ಟು ಇಷ್ಟೇ: ಮುಖ್ಯ ರಸ್ತೆ ತನ್ನ ಮಿತಿಯ ಈಚೆಗೇ ಉಳಿದಿತ್ತು, ನಿಯಮ ಹೋದದ್ದೇ ಅದು ಕಟ್ಟಿಕೊಂಡಿತು, ಸಾಮರ್ಥ್ಯವೇ ಕುಸಿಯಿತು.

ಇದನ್ನೆಲ್ಲ ಹೊತ್ತು ದಿವೇ ಘಾಟಿಗೆ ಬಂದರೆ ಎದುರಾಗುವುದು ಸ್ಕೂಟರು. ಪುಣೆಯಲ್ಲಿ ನೋಂದಣಿಯಾದ ವಾಹನಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ದ್ವಿಚಕ್ರ. ಭಾರತೀಯ ರಸ್ತೆ ಕಾಂಗ್ರೆಸ್ ಹೆದ್ದಾರಿ ಸಾಮರ್ಥ್ಯ ಲೆಕ್ಕ ಹಾಕಲು ಎಲ್ಲ ವಾಹನಗಳನ್ನೂ ಕಾರಿಗೆ ಸಮೀಕರಿಸುತ್ತದೆ: 1990ರ ಅದರ ಮಾರ್ಗಸೂಚಿಯಲ್ಲಿ ಕಾರು 1, ಬೈಕು 0.5, ಬಸ್ಸು 3. ಈಗ ತಲೆ ಎಣಿಸಿ. ಒಬ್ಬರ ಕಾರು ಒಂದು ಘಟಕಕ್ಕೆ ಒಬ್ಬರನ್ನು ಸಾಗಿಸುತ್ತದೆ. ಒಬ್ಬರೇ ಇರುವ ಸ್ಕೂಟರು ಇಬ್ಬರನ್ನು, ಹಿಂದೆ ಒಬ್ಬರು ಕೂತರೆ ನಾಲ್ವರನ್ನು. ನಾಲ್ವರು ತುಂಬಿದ ಕಾರೂ ನಾಲ್ವರನ್ನೇ. ಐವತ್ತು ಜನರ ಬಸ್ಸು ಸುಮಾರು ಹದಿನೇಳು.

ಅಂದರೆ ಡಬಲ್ ಸೀಟ್ ಸ್ಕೂಟರು ಆಗಲೇ ತುಂಬಿದ ಕಾರ್‌ಪೂಲ್. ನಾಲ್ಕು ಸ್ಕೂಟರಿನ ಒಂಟಿ ಸವಾರರನ್ನು ಒಂದು ಕಾರಿಗೆ ಹತ್ತಿಸಿದರೆ ರಸ್ತೆಗೆ ಲಾಭವುಂಟು. ಎರಡು ಸ್ಕೂಟರಿನ ನಾಲ್ವರನ್ನು ಹತ್ತಿಸಿದರೆ ಬಿಡಿಗಾಸಿನ ಲಾಭವಿಲ್ಲ, ಘಾಟಿನ ಮಳೆಯಲ್ಲಿ ಅವರ ಜೀವಕ್ಕೆ ಕ್ಷೇಮ ಎಂಬುದನ್ನು ಬಿಟ್ಟರೆ (ಅದೇನು ಸಣ್ಣದಲ್ಲ). ಬಸ್ಸಿನವರು ಇಳಿದು ಕಾರು ಹತ್ತಿದರೆ ನಷ್ಟ. ಅಮೆರಿಕದಲ್ಲಿ ಮೋಟಾರ್‌ಸೈಕಲ್ಲಿಗೆ ಸವಾರರ ಲೆಕ್ಕ ನೋಡದೆ ಕಾರ್‌ಪೂಲ್ ಲೇನಿಗೆ ಬಿಡುತ್ತಾರೆ. ಆ ನಿಯಮ ಇಲ್ಲಿ ತಂದರೆ ಲೇನು ಐದೇ ನಿಮಿಷಕ್ಕೆ ಸ್ಕೂಟರಿನಿಂದ ಕಿಕ್ಕಿರಿದು, ಕಾರಿನಲ್ಲಿ ಸೀಟು ಹಂಚಿಕೊಂಡವರು ಹೊರಗೇ ಉಳಿದಾರು.

ಸಾಸವಡಕ್ಕೆ ಸೀಟು ಹಂಚಿಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. ಪಶ್ಚಿಮ ಮಹಾರಾಷ್ಟ್ರದಲ್ಲಿ 'ವಡಾಪ' ಎನ್ನುವ ಜೀಪು ಸವಾರಿ, ನಮ್ಮ ಉತ್ತರ ಕರ್ನಾಟಕದ ಟಂಟಂ ಮತ್ತು ಕ್ರೂಸರಿನ ಹಾಗೆ, ಜನ ತುಂಬಿದ ಮೇಲೆಯೇ ಹೊರಡುತ್ತದೆ. ಕೆಲವೊಮ್ಮೆ ಬಾಗಿಲ ಹೊರಗೂ ತುಂಬುತ್ತದೆ. ಕಾನೂನು ಮಾತ್ರ ಹಂಚಿಕೆಯನ್ನು ಅನುಮಾನದಿಂದಲೇ ನೋಡಿದೆ. ಬಿಳಿ ಫಲಕದ ಖಾಸಗಿ ಕಾರಿನಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯುವ ಆ್ಯಪ್‌ಗಳ ಬಗ್ಗೆ 2023ರಲ್ಲಿ ಬೆಂಗಳೂರಿನಲ್ಲಿ ಎದ್ದ ಗದ್ದಲ ನೆನಪಿರಬಹುದು. ಕೇಂದ್ರದ 2020ರ ಮಾರ್ಗಸೂಚಿ ದಿನಕ್ಕೆ ನಾಲ್ಕು ಸವಾರಿಯ ಮಿತಿಯಲ್ಲಿ ನಗರದೊಳಗೆ ಅಂಥ ಹಂಚಿಕೆಗೆ ದಾರಿ ಮಾಡಿತ್ತು. ರಾಜ್ಯಗಳು ಬೇಡವೆನ್ನುವ ಅವಕಾಶವೂ ಅದರಲ್ಲಿತ್ತು.

ಇನ್ನು ಲೇನು. ಎರಡೇ ಸಾಲಿನ ಘಾಟಿನಲ್ಲಿ ಮೀಸಲಿಡಲು ಲೇನೇ ಇರಲಿಲ್ಲ. ದಿವೇ ಘಾಟಿನಿಂದ ಮೋಹೋಳದವರೆಗೆ ಸುಮಾರು 221 ಕಿ.ಮೀ. ಪಾಲಕಿ ಮಾರ್ಗವನ್ನು ಚತುಷ್ಪಥ ಮಾಡುವ ಕಾಮಗಾರಿಗೆ 2021ರ ನವೆಂಬರ್ 8ರಂದು ಶಂಕುಸ್ಥಾಪನೆಯಾಯಿತು. ಯೋಜನೆಯಲ್ಲಿ ಪಾಲಕಿಯೊಂದಿಗೆ ನಡೆಯುವ ವಾರಕರಿಗಳಿಗೆ ಎರಡೂ ಬದಿಗೆ ಪ್ರತ್ಯೇಕ ನಡೆಹಾದಿ ಇದೆ. ಅತಿ ಹೆಚ್ಚು ಜನ ಹೊರುವ ವಾಹನವಾದ ಕಾಲಿಗೆ ಮೀಸಲಾದ ಲೇನು ಎಂದರೆ ತಪ್ಪೇನಿಲ್ಲ. ಆದರೆ ಅಗಲಿಸಿದ ರಸ್ತೆ ಬಹುಕಾಲ ಸಡಿಲವಾಗಿ ಉಳಿಯುವುದಿಲ್ಲ. ಅಮೆರಿಕದ ನಗರಗಳಲ್ಲಿ ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತು ಎಂದು ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದರು. ಪುರಂದರ ತಾಲ್ಲೂಕಿನಲ್ಲೇ ಹೊಸ ವಿಮಾನ ನಿಲ್ದಾಣದ ಯೋಜನೆಯೂ ಇದೆ.

ಸಾಸವಡದ ಹಾದಿಯಲ್ಲಿ ಕಾರ್‌ಪೂಲಿಗೆಂದು ಉದ್ದಕ್ಕೂ ಲೇನ್ ಬರೆಯುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಕಪ್ಪು ಗಾಜಿನೊಳಗೆ ತಲೆ ಎಣಿಸುವವರು ಯಾರು? ಮೇಲಾಗಿ ಹೊತ್ತು ಹೋಗುವುದು ಇಡೀ ದಾರಿಯಲ್ಲಲ್ಲ, ಮಂತರವಾಡಿಯಿಂದ ಗಾಡಿತಳದವರೆಗಿನ ಕತ್ತಿನಲ್ಲಿ. ಅಲ್ಲಿ ಬೆಳಿಗ್ಗೆ, ಸಂಜೆ ಸಾಲು ತಪ್ಪಿಸಿ ಮುಂದೆ ಹೋಗುವ ಒಂದು ತುಂಡು ಪಥವನ್ನು ಪುಣೆ ನಗರ ಸಾರಿಗೆಯ ಪಿಎಂಪಿಎಂಎಲ್ ಬಸ್ಸು, ರಾಜ್ಯ ಸಾರಿಗೆಯ ಎಸ್.ಟಿ., ಕಂಪನಿ ಬಸ್ಸು ಮತ್ತು ಪರವಾನಗಿ ಇರುವ ವಡಾಪಕ್ಕೆ ಕೊಟ್ಟರೆ ಲೆಕ್ಕ ಕೂಡುತ್ತದೆ. ಇವನ್ನು ಹೊರಗಿನಿಂದಲೇ ಗುರುತಿಸಬಹುದು, ಯಾವ ಜಾಕಿಯೂ ಇಲ್ಲಿ ಮೋಸ ಮಾಡಲಾರ. ಪುಣೆ ಇದರಲ್ಲಿ ಅನನುಭವಿಯಲ್ಲ: ಬಸ್ಸಿಗೇ ಮೀಸಲಾದ ಪಥದ ವ್ಯವಸ್ಥೆ, ದೇಶದ ಮೊದಲ ಬಿಆರ್‌ಟಿ, 2006ರ ಡಿಸೆಂಬರ್‌ನಲ್ಲಿ ಕಾತ್ರಜ್–ಸ್ವಾರಗೇಟ್–ಹಡಪಸರ ಹಾದಿಯಲ್ಲೇ ಶುರುವಾಗಿ, ಬೇರೆ ವಾಹನಗಳು ನುಗ್ಗಿ ಸೊರಗಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಕಂಬ ನೆಟ್ಟು ಮಾಡಿದ ಬಸ್ ಪಥವನ್ನು ಮೆಟ್ರೊ ಕಾಮಗಾರಿ ನುಂಗಿತು.

ಗೆರೆ ಎಳೆಯುವುದಾದರೆ ಹೊಸ ಡಾಂಬರು ಬೀಳುವ ದಿನವೇ ಎಳೆಯಬೇಕು. ನಾಲ್ಕೂ ಪಥದಲ್ಲಿ ಕಾರು ಓಡಿಸಿ ರೂಢಿಯಾದ ಮೇಲೆ ಒಂದನ್ನು ಕೇಳಿದರೆ ಮಂತರವಾಡಿ ಚೌಕದಲ್ಲಿ ಸಾಂಟಾ ಮೋನಿಕಾದ ಜಗಳವೇ ನಡೆದೀತು, ಅದೂ 21 ವಾರ ಕಾಯದೆ.