ನಿಮಗಿದು ಗೊತ್ತೆ? ಆಲೂಗೆಡ್ಡೆಗಾಗಿ 20 ವರ್ಷ ಕಾಯುವ ಹುಳು!

ಆಲೂಗೆಡ್ಡೆ ಸಿಗದಿದ್ದರೆ ಚಿನ್ನದ ಬಣ್ಣದ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲೇ 20 ವರ್ಷ ಮಲಗಿರಬಲ್ಲದು! ಸತ್ತ ಹೆಣ್ಣುಹುಳುವಿನ ಮೈಯೇ ಒಣಗಿ ಗಟ್ಟಿ ಚೀಲವಾಗುತ್ತದೆ. ಸಾಸಿವೆಗಿಂತ ಚಿಕ್ಕದಾದ ಆ ಚೀಲದೊಳಗೆ ನೂರಾರು ಮೊಟ್ಟೆಗಳು ಭದ್ರ. ಆಲೂಗೆಡ್ಡೆ ಬೇರು ಒಸರುವ ರಸ ತಾಗಿತೋ, ಮರಿಗಳು ಎದ್ದು ಹೊರಡುತ್ತವೆ. ಟೊಮೆಟೊ, ಬದನೆಯ ಬೇರಾದರೂ ಆದೀತು. ಗೋಧಿ, ಜೋಳ ಮಾತ್ರ ಬೇಡ, ಅಷ್ಟು ನಾಜೂಕಿನ ನಾಲಿಗೆ!

ಮರಿಗಳು ಬೇರಿನೊಳಗೆ ನುಗ್ಗಿ ರಸ ಹೀರುತ್ತವೆ. ಗಿಡ ಕುಬ್ಜವಾಗಿ ನಡುಹಗಲಲ್ಲೇ ಬಾಡುತ್ತದೆ. ಅಗೆದರೆ ಸಿಗುವುದು ಪುಟಾಣಿ ಗೆಡ್ಡೆ. ಭಾರತದಲ್ಲಿ ಈ ಹುಳು ಮೊದಲು ಪತ್ತೆಯಾದದ್ದು 1961ರಲ್ಲಿ, ನಮ್ಮ ಪಕ್ಕದ ಊಟಿಯಲ್ಲಿ. ಇದರ ಕಾಟ ತಡೆದುಕೊಳ್ಳುವ ಆಲೂಗೆಡ್ಡೆ ತಳಿಯ ಹೆಸರಲ್ಲೂ ಚಿನ್ನವಿದೆ: ‘ಕುಫ್ರಿ ಸ್ವರ್ಣ’.