ಹಕ್ಕಿಜ್ವರ: ಮಹಾಮಾರಿಗೆ ಸಿದ್ಧತೆ ಕೋಳಿ ಶೆಡ್ಡಿನಿಂದಲೇ ಆರಂಭ

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ನಗರವಾಸಿಗಳು ಕೇಳುವ ಮೊದಲ ಪ್ರಶ್ನೆ, ಕೋಳಿಮಾಂಸ ತಿನ್ನಬಹುದೇ ಎಂಬುದು. ಅದಕ್ಕೆ ಉತ್ತರ ಸರಳ. 70 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ವೈರಾಣು ನಾಶವಾಗುವುದರಿಂದ, ಚೆನ್ನಾಗಿ ಬೇಯಿಸಿದ ಮಾಂಸ ಮತ್ತು ಮೊಟ್ಟೆಯಿಂದ ಅಪಾಯವಿಲ್ಲ. ಹೆಚ್ಚು ಮಹತ್ವದ ಪ್ರಶ್ನೆ ಬೇರೆಯೇ ಇದೆ. ಈ ರೋಗ ಮುಂದೊಂದು ದಿನ ಮನುಷ್ಯರಿಂದ ಮನುಷ್ಯರಿಗೆ ಹರಡತೊಡಗಿದರೆ ಅದರ ಮೊದಲ ಸುಳಿವು ಯಾರಿಗೆ ಸಿಗುತ್ತದೆ? ಸಿಕ್ಕವರು ಅದನ್ನು ಸರಕಾರಕ್ಕೆ ತಿಳಿಸುವರೇ?

ಎಚ್5ಎನ್1 ವೈರಾಣು ಕೋಳಿಯಿಂದ ನೇರವಾಗಿ ಮನುಷ್ಯರಿಗೆ ತಗುಲಬಲ್ಲದು ಎಂಬುದು ಖಚಿತವಾದದ್ದು 1997ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಸೋಂಕು ತಗುಲಿದ 18 ಮಂದಿಯಲ್ಲಿ 6 ಮಂದಿ ಮೃತಪಟ್ಟರು. 2003ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಗೆ ಬಂದ ಮಾನವ ಪ್ರಕರಣಗಳು 900ಕ್ಕೂ ಹೆಚ್ಚು; ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಭಾರತದಲ್ಲಿ 2021ರ ಜುಲೈನಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ, 2025ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಮಗು ಇದೇ ಸೋಂಕಿಗೆ ಬಲಿಯಾದರು.

ಇಷ್ಟು ಮಾರಕವಾದ ರೋಗ ಈವರೆಗೆ ಮಹಾಮಾರಿಯಾಗದಿರಲು ಕಾರಣವಿದೆ. ಪಕ್ಷಿಗಳ ದೇಹಕ್ಕೆ ಹೊಂದಿಕೊಂಡಿರುವ ಈ ವೈರಾಣು ಮನುಷ್ಯನ ಮೂಗು, ಗಂಟಲಿನ ಜೀವಕೋಶಗಳಿಗೆ ಸುಲಭವಾಗಿ ಅಂಟಿಕೊಳ್ಳದು. ಅದು ನೆಲೆಯೂರುವುದು ಶ್ವಾಸಕೋಶದ ಆಳದಲ್ಲಿ. ಹೀಗಾಗಿ ರೋಗ ತೀವ್ರವಾಗಿದ್ದರೂ ಕೆಮ್ಮು, ಸೀನಿನ ಮೂಲಕ ಇತರರಿಗೆ ದಾಟುವುದು ತೀರಾ ವಿರಳ. ಆದರೆ ಈ ತಡೆಗೋಡೆ ಶಾಶ್ವತವಲ್ಲ. ಫೆರೆಟ್ ಎಂಬ ಪ್ರಾಣಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಲಾದ ಪ್ರಯೋಗಗಳು, ಬೆರಳೆಣಿಕೆಯ ರೂಪಾಂತರಗಳಿಂದಲೇ ವೈರಾಣು ಗಾಳಿಯ ಮೂಲಕ ಹರಡುವ ಶಕ್ತಿ ಪಡೆಯಬಹುದೆಂದು ತೋರಿಸಿದವು. ಪಕ್ಷಿಗಳ ಮತ್ತು ಮನುಷ್ಯರ ಜ್ವರದ ವೈರಾಣುಗಳು ಒಂದೇ ಜೀವಕೋಶದಲ್ಲಿ ಸೇರಿದಾಗ ಅವುಗಳ ವಂಶವಾಹಿಗಳು ಬೆರೆತು ಹೊಸ ತಳಿ ಹುಟ್ಟುವ ಸಾಧ್ಯತೆಯೂ ಇದೆ.

ಲಸಿಕೆಗೆ ಮುನ್ನ ಮಾಹಿತಿ

ಹೊಸ ತಳಿ ಹುಟ್ಟಿದರೆ ಅದಕ್ಕೆ ತಕ್ಕ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ರೂಢಿಯ ವಿಧಾನದಲ್ಲಿ ಐದಾರು ತಿಂಗಳು ಬೇಕು. 2009ರ ಎಚ್1ಎನ್1 ಜ್ವರ ಏಪ್ರಿಲ್‌ನಲ್ಲಿ ಪತ್ತೆಯಾಗಿ ಮೇ ತಿಂಗಳಲ್ಲೇ ಭಾರತ ತಲುಪಿತ್ತು. ಜೂನ್‌ನಲ್ಲಿ ಅದನ್ನು ಮಹಾಮಾರಿ ಎಂದು ಘೋಷಿಸಲಾಯಿತು. ಲಸಿಕೆ ಅದರ ಓಟಕ್ಕೆ ಸರಿಗಟ್ಟಲಿಲ್ಲ. ಆದ್ದರಿಂದ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಸಮಯ. ಆ ಸಮಯವನ್ನು ಗಳಿಸಿಕೊಡುವವನು, ತನ್ನ ಶೆಡ್ಡಿನಲ್ಲಿ ಕೋಳಿಗಳು ಇದ್ದಕ್ಕಿದ್ದಂತೆ ಸಾಯುವುದನ್ನು ಕಂಡು ತಕ್ಷಣ ಪಶುವೈದ್ಯರಿಗೆ ತಿಳಿಸುವ ಸಾಕಣೆದಾರ.

ಆದರೆ ತಿಳಿಸಿದ ಮರುಗಳಿಗೆಯಿಂದ ಅವನ ನಷ್ಟದ ಲೆಕ್ಕ ಆರಂಭವಾಗುತ್ತದೆ. ಮಾದರಿಗಳು ಭೋಪಾಲದ ಪ್ರಯೋಗಾಲಯಕ್ಕೆ ಹೋಗುತ್ತವೆ. ರೋಗ ದೃಢಪಟ್ಟರೆ ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯ ಸಾಕುಪಕ್ಷಿಗಳನ್ನೆಲ್ಲ ಕೊಲ್ಲಲಾಗುತ್ತದೆ. 10 ಕಿಲೋಮೀಟರ್‌ವರೆಗೆ ನಿಗಾ ಇರುತ್ತದೆ. ಹೊಸ ಮರಿ ತರಲು ತಿಂಗಳುಗಟ್ಟಲೆ ಕಾಯಬೇಕು. ಕೊಂದ ಪಕ್ಷಿಗಳಿಗೆ, ನಾಶಪಡಿಸಿದ ಮೊಟ್ಟೆ ಮತ್ತು ಮೇವಿಗೆ ಕೇಂದ್ರ ಹಾಗೂ ರಾಜ್ಯಗಳು ಸಮಪಾಲಿನಲ್ಲಿ ಪರಿಹಾರ ನೀಡುತ್ತವೆ. ರೋಗದಿಂದ ಮೊದಲೇ ಸತ್ತವು ಈ ಲೆಕ್ಕಕ್ಕೆ ಬಾರವು. ಪರಿಹಾರ ಬೇಗ ಕೈಸೇರುವುದೆಂಬ ಭರವಸೆಯಿದ್ದರೆ ಈ ನಿಯಮವೇ ಸಾಕಣೆದಾರನನ್ನು ಬೇಗ ಬಾಯಿಬಿಡುವಂತೆ ಮಾಡುತ್ತದೆ. ಭರವಸೆಯಿಲ್ಲದಿದ್ದರೆ ಉಳಿದ ಕೋಳಿಗಳನ್ನು ಸಿಕ್ಕ ಬೆಲೆಗೆ ಮಾರುವ ಆಸೆ ಗೆಲ್ಲುತ್ತದೆ. ಕೋಳಿಯ ಜೊತೆಗೆ ರೋಗವೂ ಊರೂರು ದಾಟುತ್ತದೆ.

ಇದು ದೂರದ ಮಾತಲ್ಲ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ವರದಿಯಾಯಿತು. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರ ಸರಕಾರಿ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಬಳ್ಳಾರಿ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ರೋಗ ಕಾಣಿಸಿಕೊಂಡಿತು.

ದೇಶಗಳಿಗೂ ಇದೇ ಸಂದಿಗ್ಧ

ಸಾಕಣೆದಾರನ ಈ ಸಂಕಟ ರಾಷ್ಟ್ರಗಳನ್ನೂ ಬಿಟ್ಟಿಲ್ಲ. ತಾನು ಕೊಟ್ಟ ವೈರಾಣು ಮಾದರಿಗಳಿಂದ ತಯಾರಾಗುವ ಲಸಿಕೆ ತನ್ನ ಜನರ ಕೈಗೆಟುಕದು ಎಂದು ಆಕ್ಷೇಪಿಸಿ 2007ರಲ್ಲಿ ಇಂಡೋನೇಷ್ಯಾ ಮಾದರಿಗಳ ಹಂಚಿಕೆಯನ್ನೇ ನಿಲ್ಲಿಸಿತ್ತು. ಮಾದರಿಯ ಜೊತೆಗೆ ಅದರ ಪ್ರಯೋಜನವನ್ನೂ ಹಂಚಿಕೊಳ್ಳುವ ಅಂತಾರಾಷ್ಟ್ರೀಯ ಚೌಕಟ್ಟು 2011ರಲ್ಲಿ ರೂಪುಗೊಂಡದ್ದು ಈ ಜಗಳದ ಫಲವಾಗಿ. 2025ರ ಮೇ ತಿಂಗಳಲ್ಲಿ ಅಂಗೀಕಾರವಾದ ಮಹಾಮಾರಿ ಒಪ್ಪಂದದಲ್ಲೂ ಮುಂದಿನ ಮಾತುಕತೆಗೆ ಉಳಿದದ್ದು ಈ ಹಂಚಿಕೆಯ ಅನುಬಂಧವೇ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಕಂಡುಬಂದಾಗ ಅನೇಕ ಡೇರಿ ಮಾಲೀಕರು ಪರೀಕ್ಷೆಗೆ ಹಿಂಜರಿದರು. ಅಲ್ಲಿನ ಸರಕಾರ ಹಾಲಿನ ನಷ್ಟಕ್ಕೆ ಪರಿಹಾರ ಘೋಷಿಸಬೇಕಾಯಿತು. ಸುದ್ದಿ ಕೊಟ್ಟವನೇ ನಷ್ಟ ಹೊರಬೇಕಾದಲ್ಲಿ ಸುದ್ದಿ ತಡವಾಗಿಯೇ ಬರುತ್ತದೆ.

ಈ ನಷ್ಟದಲ್ಲಿ ಗ್ರಾಹಕರ ಪಾಲೂ ಇದೆ. ಕೋಳಿಯಿಂದ ಕೊರೊನಾ ಹರಡುತ್ತದೆಂಬ ಸುಳ್ಳು ವದಂತಿ 2020ರ ಆರಂಭದಲ್ಲಿ ಹಬ್ಬಿ ಬೆಲೆ ಕುಸಿದಾಗ, ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ಸಾಕಣೆದಾರರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದ್ದುಂಟು. ರೋಗದ ಹೆಸರೆತ್ತಿದೊಡನೆ ಮಾರುಕಟ್ಟೆ ನೆಲಕಚ್ಚುವುದಾದರೆ, ರೋಗ ಕಂಡವನು ಅದರ ಹೆಸರೆತ್ತಲು ಹೆದರುವುದು ಸಹಜ.

ಔಷಧ ದಾಸ್ತಾನು, ಆಸ್ಪತ್ರೆಯ ಹಾಸಿಗೆ, ಪ್ರಯೋಗಾಲಯಗಳು ಬೇಕು. ಫಿನ್‌ಲೆಂಡ್ 2024ರಲ್ಲಿ ಮಾಡಿದಂತೆ ಕೋಳಿ ಉದ್ಯಮದ ಕಾರ್ಮಿಕರಿಗೆ ಮುಂಚಿತವಾಗಿ ಲಸಿಕೆ ಹಾಕುವ ಬಗೆಗೂ ಯೋಚಿಸಬಹುದು. ಇವೆಲ್ಲವೂ ಸಕಾಲದಲ್ಲಿ ಉಪಯೋಗಕ್ಕೆ ಬರುವುದು ಮೊದಲ ಸುದ್ದಿ ಬೇಗ ತಲುಪಿದಾಗ ಮಾತ್ರ. ಅದಕ್ಕಾಗಿ ಸರಕಾರ ಪರಿಹಾರವನ್ನು ಮಾರುಕಟ್ಟೆ ದರಕ್ಕೆ ಹೊಂದಿಸಿ, ವಿಳಂಬವಿಲ್ಲದೆ ಕೊಡಬೇಕು. ಸಾರ್ವಜನಿಕರು ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ರೋಗಪೀಡಿತ ಅಥವಾ ಸತ್ತ ಪಕ್ಷಿಗಳ ಸಂಪರ್ಕಕ್ಕೆ ಬಂದ ನಂತರದ ದಿನಗಳಲ್ಲಿ ಜ್ವರ, ಕೆಮ್ಮು ಕಾಣಿಸಿಕೊಂಡರೆ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.